ಹನ್ನೆರಡು ಕಂಬದ ಗೆರೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಂಗಳವಾರ, ಇನ್ನೂ ಸೂರು ಕಾಣದ ಮನೆಯೊಂದರಲ್ಲಿ ಇಬ್ಬರು ಹೆಂಗಸರು ನೀರು ತುಂಬಿದ, ಒಳಗಿನ ನೀರು ಕಾಣುವಂಥ ಉದ್ದನೆಯ ಪೈಪಿನ ಒಂದೊಂದು ತುದಿ ಹಿಡಿದು ನಿಂತಿದ್ದರು. ಒಬ್ಬಳು ಮೇಸ್ತ್ರಿ, ಗಾರೆಯವರೆಲ್ಲ ಅಕ್ಕ ಎನ್ನುತ್ತಿದ್ದರು. ಇನ್ನೊಬ್ಬಳು ಮೂರು ವರ್ಷದಿಂದ ಅವಳ ಕೈಕೆಳಗೆ ಬಾಂಡ್ಲಿ ಹೊತ್ತ ಹುಡುಗಿ.

ಪೈಪಿನ ಎರಡೂ ತುದಿಯಲ್ಲಿ ನೀರು ನಿಂತ ಮಟ್ಟ ನೋಡಿ, ಹನ್ನೆರಡು ಕಂಬಗಳಿಗೂ ಒಂದೇ ಮಟ್ಟದ ಗೆರೆ ಎಳೆದು, ಹೊರಟ ಕಂಬಕ್ಕೇ ತಂದು ಕೂಡಿಸಬೇಕು. ಊಟದ ಹೊತ್ತಿಗೆ ಕೂಡಿಸಿಕೊಡುತ್ತೇನೆಂದು ಹುಡುಗಿ ಮಾತು ಕೊಟ್ಟಿದ್ದಳು. ಕೂಡಿದರೆ ನಾಳೆಯಿಂದ ಅವಳ ಕೈಗೆ ಕರಣೆ, ಗೋಡೆ ಕಟ್ಟುವ ಕೆಲಸ. ಇಲ್ಲದಿದ್ದರೆ ಮತ್ತದೇ ಬಾಂಡ್ಲಿ. ಇವತ್ತು ಯಜಮಾನಿಕೆ ನಿನ್ನದು, ನಾನು ಬರೀ ಪೈಪು ಹಿಡಿಯೋಳು ಎಂದು ಅಕ್ಕ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

ಗೆರೆ ಕೂಡಲಿಲ್ಲ. ಸುತ್ತಿ ಬಂದಾಗ ಮೊದಲ ಗುರುತಿಗಿಂತ ಎರಡು ಬೆರಳು ಮೇಲಿತ್ತು.

"ಈ ಮನೆಗೆ ಮೆಟ್ಟಿಲು ದಂಡ ಕಣಮ್ಮ," ಎಂದ ಸಾರುವೆಯ ಮೇಲಿದ್ದ ಹಿರಿಯ ಗಾರೆಯವನು. "ನಿನ್ನ ಗೆರೆ ಹಿಡ್ಕೊಂಡೇ ತಾರಸಿಗೆ ಹತ್ಬಹುದು."

ಹುಡುಗಿ ಪೆನ್ಸಿಲ್ಲನ್ನು ಅನುಮಾನಿಸಿದಳು, ಕಣ್ಣನ್ನು ಅನುಮಾನಿಸಿದಳು, ಪೈಪಿನುದ್ದಕ್ಕೂ ಗಾಳಿಗುಳ್ಳೆ ಹುಡುಕಿದಳು. ಎರಡನೇ ಸುತ್ತಿಗೆ ಗೆರೆ ಮೊದಲ ಗುರುತಿಗಿಂತ ಒಂದು ಬೆರಳು ಕೆಳಗೆ ಬಂತು. ನೀರಿಗೂ ತಲೆ ಕೆಟ್ಟಿತೇ ಅನ್ನಿಸಿತು. ಅಕ್ಕನ ಕಡೆ ನೋಡಿದರೆ ಅಕ್ಕ ಆಕಾಶ ನೋಡುತ್ತಿದ್ದಳು.

ಮೂರನೇ ಸುತ್ತಿನ ಏಳನೇ ಕಂಬದಲ್ಲಿ ಹುಡುಗಿ ತನ್ನ ತುದಿಯನ್ನು ಮೊಳೆಗೆ ಕಟ್ಟಿ, ಆಚೆ ತುದಿಯವರೆಗೆ ನಡೆದುಹೋದಳು. ಪೈಪಿನ ಬಾಯಿಯ ಮೇಲೆ ಅಕ್ಕನ ಹೆಬ್ಬೆರಳಿತ್ತು. ಕಂಬದಿಂದ ಕಂಬಕ್ಕೆ ಹೋಗುವಾಗ ನೀರು ಚೆಲ್ಲದಂತೆ ಬಾಯಿ ಮುಚ್ಚಬೇಕು, ನಿಂತಮೇಲೆ ಬಿಡಬೇಕು; ಇಲ್ಲದಿದ್ದರೆ ಗಾಳಿಯಾಡದೆ ನೀರು ಸುಳ್ಳು ಹೇಳುತ್ತದೆ. ಇದನ್ನು ಕಲಿಸಿದವಳೇ ಅಕ್ಕ. ಬೇಕೆಂದೇ ಮುಚ್ಚಿದಳೋ, ಮರೆತಳೋ? ಸಿಮೆಂಟು ತಿಂದ ಬೆರಳಿಗೆ ಏನೂ ಗೊತ್ತಾಗುತ್ತಿಲ್ಲವೋ? ಹೇಳಿದರೆ ಇಷ್ಟು ಜನರೆದುರು ಅಕ್ಕನ ಗತಿಯೇನು? ಹೇಳದಿದ್ದರೆ ತನ್ನ ಗತಿ?

"ಅಕ್ಕ, ಹೆಬ್ಬೆರಳು ತೆಗೀರಿ."

ಸಾರುವೆಯ ಮೇಲೆ ಕರಣೆಗಳ ಸದ್ದು ನಿಂತಿತು. ಅಕ್ಕ ತನ್ನ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

"ಇದನ್ನ ಹೇಳೋಕೆ ಇಷ್ಟು ಹೊತ್ತು ಬೇಕಿತ್ತೇನೇ?"

ನಕ್ಕಳೋ, ನೊಂದಳೋ ತಿಳಿಯಲಿಲ್ಲ. ಹುಡುಗಿ ಹಳೆಯ ಗುರುತುಗಳನ್ನೆಲ್ಲ ಉಜ್ಜಿ ಮೊದಲಿನಿಂದ ಹೊರಟಳು. ಪ್ರತಿ ಕಂಬದಲ್ಲೂ "ಬೆರಳು" ಎನ್ನುವಳು, ಅಕ್ಕ ತೆಗೆಯುವಳು.

ಊಟದ ಹೊತ್ತು ಮೀರಿತು. ಗಾರೆಯವರು ಕೈ ತೊಳೆದು, ಗೆರೆ ಕೂಡಲೆಂದು ಡಬ್ಬಿ ಬಿಚ್ಚದೆ ಕೂತಿದ್ದರು. ಹೊರಟ ಕಂಬಕ್ಕೆ ಮರಳಿದಾಗ ಪೈಪಿನಲ್ಲಿ ನೀರು ಎರಡು ಸಲ ತೂಗಾಡಿ ನಿಂತಿತು. ಹುಡುಗಿ ಗೀಟೆಳೆದಳು. ಕೊನೆಯ ಗೀಟು ಮೊದಲ ಗೀಟಿನ ಮೇಲೆಯೇ ಕೂತು, ಎರಡೂ ಸೇರಿ ಒಂದೇ ಗೆರೆ ತುಸು ದಪ್ಪಗೆ ಕಂಡಿತು.