ಊಟಕ್ಕೆ ಕರೆಯುವ ಹುಡುಗಿ

ಈ ಕಥೆಯನ್ನು ಸೂಪಿನಿಂದ ಶುರು ಮಾಡಬೇಕೋ ಹೊಟ್ಟೆಕಿಚ್ಚಿನಿಂದಲೋ ಗೊತ್ತಾಗುತ್ತಿಲ್ಲ. ಎರಡೂ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಯುವಂಥವೇ. (ಈ ಸಾಲು ನಮ್ಮ ಪ್ರೊಡ್ಯೂಸರ್ ಫಂಗ್‌ಗೆ ಬಹಳ ಹಿಡಿಸುತ್ತಿತ್ತು. ಆದ್ದರಿಂದ ಹೊಡೆದುಹಾಕಬೇಕು.)

1

ಸರಿ, ನನ್ನಿಂದಲೇ ಶುರುವಾಗಲಿ. ಹೆಸರು ವಿಂಗ್-ಶಾನ್, ವಯಸ್ಸು ನಲವತ್ತೊಂದು. ಕೌಲೂನಿನ ಒಂದು ಕಟ್ಟಡದ ಹದಿನೇಳನೇ ಮಹಡಿಯಲ್ಲಿ ಅಮ್ಮನ ಜೊತೆ ವಾಸ. ಟಿವಿಗೆ ‘ಒಂದು ಮೇಜು, ಆರು ಬಟ್ಟಲು’ ಎಂಬ ನಗೆ ಧಾರಾವಾಹಿ ಬರೆಯುವ ಏಳು ಜನರಲ್ಲಿ ನಾನೊಬ್ಬಳು. ಸುಟ್ಟ ಹೆಬ್ಬಾತಿನ ಮಾಂಸದ ಅಂಗಡಿ ಇಟ್ಟುಕೊಂಡ ಒಂದು ಕುಟುಂಬ ಅರ್ಧ ಗಂಟೆ ಜಗಳವಾಡುತ್ತದೆ, ಕೊನೆಗೆ ಎಲ್ಲರೂ ಉಣ್ಣಲು ಕೂರುತ್ತಾರೆ. ರಾತ್ರಿ ಎಂಟಕ್ಕೆ, ಊರೆಲ್ಲ ಬಟ್ಟಲ ಮುಂದೆ ಕೂತಿರುವಾಗ ಅದು ಬರುತ್ತದೆ. ಕೊನೆಯ ದೃಶ್ಯದಲ್ಲಿ ಮಗಳು ಕ್ವನ್ ಹೇಳುವ ಮಾತು ಎಂದೂ ಬದಲಾಗುವುದಿಲ್ಲ:

“ಅಜ್ಜೀ, ಊಟ ಮಾಡಿ. ಅಪ್ಪಾ, ಊಟ ಮಾಡು. ಅಮ್ಮಾ, ಊಟ ಮಾಡು.”

ನಮ್ಮಲ್ಲಿ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆಯದೆ ಕಿರಿಯರು ಚಾಪ್‌ಸ್ಟಿಕ್ ಎತ್ತುವಂತಿಲ್ಲ. ಕ್ವನ್ “ಅಮ್ಮಾ” ಎಂದಾಗ ಇಲ್ಲಿ ನಮ್ಮಮ್ಮ ಟಿವಿಗೆ ಉತ್ತರ ಕೊಡುತ್ತಾಳೆ: “ಹೂಂ ಕಣಮ್ಮಾ, ನೀನೂ ಉಣ್ಣು.” ಆಮೇಲೆಯೇ ಅವಳ ಮೊದಲ ತುತ್ತು. ಪಕ್ಕದಲ್ಲೇ ಕೂತ ನಾನು ತೆಪ್ಪಗೆ ಉಣ್ಣುತ್ತೇನೆ.

2 (ಹರಿದ ಕರಡು)

ಮೊದಲ ಕರಡಿನಲ್ಲಿ ನನ್ನ ಹೊಟ್ಟೆಕಿಚ್ಚು ಪ್ರಶಸ್ತಿ ಗೆದ್ದ ಸಹೋದ್ಯೋಗಿಯೊಬ್ಬನ ಮೇಲಿತ್ತು. ಓದುಗರೇ, ಅದು ಮರ್ಯಾದೆಗಾಗಿ ಹೇಳಿದ ಸುಳ್ಳು. ನನಗೆ ಹೊಟ್ಟೆ ಉರಿಯುವುದು ನಾನೇ ಹುಟ್ಟಿಸಿದ ಹುಡುಗಿಯನ್ನು ಕಂಡರೆ. ಕ್ವನ್ ಒಂದು ಪಾತ್ರ, ಅವಳ ನಗು ಕೂಡ ನಾನು ಆವರಣದಲ್ಲಿ ಹಾಕಿದ ಸೂಚನೆ. ಆದರೂ ಉರಿಯುತ್ತದೆ.

ಒಂದು ಬೆಳಿಗ್ಗೆ ಅಮ್ಮ ಸೂಪಿನ ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ತಾವರೆ ಗೆಡ್ಡೆ, ಹಂದಿ ಎಲುಬು ಹಾಕಿದೀನಿ. ಆ ಹುಡುಗಿಗೆ ಕೊಡು. ಎಷ್ಟು ಸೊರಗಿದಾಳೆ ಪಾಪ.”

“ಅಮ್ಮಾ, ಅವಳು ನಟಿ. ಡಯಟ್ ಮಾಡ್ತಿದಾಳೆ.”

“ಇರಲಿ ಬಿಡು. ಅವಳಾದ್ರೂ ಹಿರಿಯರನ್ನ ಕರೆದು ಉಣ್ತಾಳೆ.”

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಗಿಡ ನಾನೇ. ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು ಅಷ್ಟೂ ಸೂಪನ್ನು ನಾನೇ ಕುಡಿದೆ. ಮನೆಗೆ ಬಂದು “ತುಂಬಾ ಚೆನ್ನಾಗಿತ್ತಂತೆ” ಎಂದೆ. ಅಮ್ಮನ ಮುಖ ಅರಳಿತು. ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

3

ನೀವು ಕೇಳುತ್ತೀರಿ: ಅಷ್ಟೊಂದು ಸಂಕಟವಿದ್ದರೆ ಅಮ್ಮನನ್ನು ನೀನೇ ಊಟಕ್ಕೆ ಕರೆಯಬಹುದಲ್ಲ, ತಾಯಿ?

(ಈ ಭಾಗವನ್ನು ತಮಾಷೆಯಾಗಿ ಬರೆಯಲು ನಾಲ್ಕು ಸಲ ನೋಡಿದೆ. ಆಗಲಿಲ್ಲ.)

ಎಂಟು ವರ್ಷದ ಹಿಂದೆ, ಅಪ್ಪನ ಅಂತ್ಯಕ್ರಿಯೆಯ ಮಾರನೇ ದಿನ ನಾವಿಬ್ಬರೇ ಊಟಕ್ಕೆ ಕೂತೆವು. ನನ್ನ ಬಾಯಿ ರೂಢಿಯಂತೆ “ಅಪ್ಪಾ, ಊಟ ಮಾಡು” ಎಂದುಬಿಟ್ಟಿತು. ಅಮ್ಮ ಬಟ್ಟಲನ್ನು ಮೇಜಿಗೆ ಕುಕ್ಕಿದಳು. “ಯಾರನ್ನ ಕರೀತಿದೀಯ? ಬಾಯ್ಮುಚ್ಕೊಂಡು ಉಣ್ಣು.”

ಮುಚ್ಚಿಕೊಂಡೆ. ನಮ್ಮನೆಯಲ್ಲಿ ಮೊದಲು ಅಪ್ಪ, ಆಮೇಲೆ ಅಮ್ಮ. ಮೊದಲನೆಯದನ್ನು ಹೇಳದೆ ಎರಡನೆಯದು ನನ್ನ ಗಂಟಲು ದಾಟುವುದಿಲ್ಲ. ಹೇಳಲಾರದ್ದನ್ನೆಲ್ಲ ಕ್ವನ್ ಬಾಯಿಗೆ ಕೊಟ್ಟೆ, ಈಗ ಅವಳ ಮೇಲೆಯೇ ಉರಿದು ಬೀಳುತ್ತಿದ್ದೇನೆ. ನಾನೇ ಬಡಿಸಿ, ನಾನೇ ಹಸಿದು ಕೂತಂತಾಯಿತು.

4

ಕೊನೆಗೆ ಕ್ವನ್‌ಗೆ ಮದುವೆ ಮಾಡಿಸಿ ವ್ಯಾಂಕೂವರ್‌ಗೆ ಸಾಗಹಾಕಲು ತೀರ್ಮಾನಿಸಿದೆ. ನಾನು ಬರೆಯುತ್ತಿದ್ದ ಹಾಳೆಯೊಳಗಿಂದಲೇ ಅವಳು ತಲೆ ಎತ್ತಿದಳು.

“ಇದೇನಕ್ಕಾ? ಯಾರು ಈ ಹುಡುಗ? ನಾನು ಅವನ ಮುಖಾನೇ ನೋಡಿಲ್ಲ.”

“ದಂತವೈದ್ಯ. ಒಳ್ಳೆಯವನು.”

“ನಿಮಗೆ ಹೊಟ್ಟೆಕಿಚ್ಚು ಅಂತ ನಾನು ಊರು ಬಿಡಬೇಕಾ?”

“ನಾನು ಬರೆಯೋಳು. ನೀನು ಸುಮ್ನಿರು.”

“ಸುಮ್ನಿರ್ತೀನಿ. ನಿಮ್ಮಮ್ಮನ್ನ ಊಟಕ್ಕೆ ಯಾರು ಕರೀತಾರೆ ಅಂತ ಅದನ್ನೂ ಬರೀರಿ ಮತ್ತೆ.”

ಅವಳಿಗೆ ಇಷ್ಟು ಚುರುಕು ನಾಲಿಗೆ ಕೊಟ್ಟವಳು ನಾನೇ. ಅವಳನ್ನು ವಿಮಾನ ಹತ್ತಿಸಿಬಿಟ್ಟೆ. ಫಂಗ್ ಓದಿ “ಕಣ್ಣಲ್ಲಿ ನೀರು ಬಂತು, ಜಾಹೀರಾತು ಜಾಸ್ತಿ ಸಿಗುತ್ತೆ” ಎಂದ.

5

ಆ ಎಪಿಸೋಡ್ ಬಂದದ್ದು ಇವತ್ತು. ನಮ್ಮ ಮೇಜಿನ ಮೇಲೆ ಹಬೆಯಲ್ಲಿ ಬೆಂದ ಮೀನು, ಸೊಪ್ಪು, ಎರಡು ಬಟ್ಟಲು ಸೂಪ್. ಟಿವಿಯಲ್ಲಿ ಕ್ವನ್ ಕುರ್ಚಿ ಖಾಲಿ. ಅಜ್ಜಿ, ಅಪ್ಪ, ಅಮ್ಮ ಸುಮ್ಮನೆ ಕೂತರು, ಸುಮ್ಮನೆ ಉಂಡರು. ಹೆಸರುಗಳು ಓಡಿದವು. ಜಾಹೀರಾತು ಶುರುವಾಯಿತು.

ಅಮ್ಮ ಚಾಪ್‌ಸ್ಟಿಕ್ ಮುಟ್ಟಲೇ ಇಲ್ಲ.

“ಇವತ್ತು ಯಾರೂ ಕರೀಲಿಲ್ಲ,” ಎಂದಳು.

“ಅವಳು ವ್ಯಾಂಕೂವರ್‌ಗೆ ಹೋದ್ಲಲ್ಲ, ಗಂಡನ ಜೊತೆ.”

“ಇದ್ದಕ್ಕಿದ್ದಂಗೆ? ಯಾರ್ ಕಳಿಸಿದ್ದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನಳಾದೆ. ಅಮ್ಮ ಜಾಹೀರಾತನ್ನೇ ನೋಡುತ್ತಿದ್ದಳು, ನಡುವೆ ಎಲ್ಲಾದರೂ ಆ ಹುಡುಗಿ ಬಂದಾಳೇನೋ ಎಂಬಂತೆ. ಇಷ್ಟು ವರ್ಷ ಅವಳನ್ನು ನೋಡಿ ಉರಿದೆನಲ್ಲ, ಈಗ ಅವಳು ಬಂದುಬಿಡಲಿ ಎಂದು ನನಗೂ ಅನಿಸಿತು. ನಾಚಿಕೆಯಾಯಿತು.

6

ಮುಕ್ತಾಯ, ಒಂದು: ಮುಂದಿನ ಎಪಿಸೋಡಿನಲ್ಲಿ ಕ್ವನ್ ವ್ಯಾಂಕೂವರ್‌ನಿಂದ ವಿಡಿಯೋ ಕಾಲ್ ಮಾಡಿ ಎಲ್ಲರನ್ನೂ ಊಟಕ್ಕೆ ಕರೆಯುತ್ತಾಳೆ. ಫಂಗ್ ಖುಷಿ, ಅಮ್ಮ ಖುಷಿ. ನಾನು ನಿವೃತ್ತಿಯಾಗುವವರೆಗೂ ಉರಿಯುತ್ತಿರುತ್ತೇನೆ.

ಮುಕ್ತಾಯ, ಎರಡು: ಅಮ್ಮ ನನ್ನ ಕೈ ಹಿಡಿದು, “ಆ ಮಾತು ಬರೀತಿದ್ದೋಳು ನೀನೇ ಅಂತ ಗೊತ್ತಿತ್ತು ಕಣೇ. ನಾನು ನಿಂಗೇ ಓ ಅಂತಿದ್ದಿದ್ದು” ಎನ್ನುತ್ತಾಳೆ. ಹಿನ್ನೆಲೆಯಲ್ಲಿ ಪಿಯಾನೋ. (ಸುಳ್ಳು. ಏಳು ಬರಹಗಾರರ ಹೆಸರು ಎರಡು ಸೆಕೆಂಡಿನಲ್ಲಿ ಓಡಿಹೋಗುತ್ತದೆ, ಅಷ್ಟರಲ್ಲಿ ಅಮ್ಮ ಕನ್ನಡಕ ಒರೆಸುತ್ತಿರುತ್ತಾಳೆ. ನನಗೆ ಇದು ಎಷ್ಟು ಬೇಕೆಂದರೆ, ಬೇಕು ಎಂಬ ಕಾರಣಕ್ಕೇ ಇದನ್ನು ನಂಬಲಾರೆ.)

ಇನ್ನೊಂದಿದೆ. ಅದಕ್ಕೆ ಸಂಖ್ಯೆ ಹಾಕುವುದಿಲ್ಲ, ಅದು ಮುಗಿದಿಲ್ಲ.

ನಾನು ಟಿವಿ ಆರಿಸಿದೆ. ಬಾಯಿ ತೆರೆದೆ. ಕ್ರಮ ತಪ್ಪದ ಬಾಯಿ, ಎಂಟು ವರ್ಷದ ಹಿಂದಿನದನ್ನೇ ಹೇಳಿತು.

“ಅಪ್ಪಾ, ಊಟ ಮಾಡು.”

ಬಟ್ಟಲು ಕುಕ್ಕುತ್ತಾಳೆಂದು ಕಾದೆ. ಅಮ್ಮ, ಅಪ್ಪ ಕೂರುತ್ತಿದ್ದ ಖಾಲಿ ಬದಿಗೆ ಒಮ್ಮೆ ತಿರುಗಿದಳು. ಆಮೇಲೆ ನನ್ನ ಕಡೆ.

“ಅವರದ್ದು ಊಟ ಆಯ್ತು,” ಎಂದಳು. “ಮುಂದಿನದ್ದು ಹೇಳು.”

ಮುಂದಿನದ್ದು ಮೂರೇ ಪದ. ನಾನ್ನೂರ ಹನ್ನೆರಡು ಸಲ ಬೇರೆಯವಳ ಬಾಯಿಗೆ ಬರೆದುಕೊಟ್ಟಿದ್ದೇನೆ. ಇಲ್ಲಿಯೂ ಬರೆದರೆ ಅದು ಮತ್ತೊಂದು ಡೈಲಾಗ್ ಆಗಿಬಿಡುತ್ತದೆ, ನೀವು ಓದುತ್ತೀರಿ, ನಿಮ್ಮದಾಗುತ್ತದೆ. ಇದೊಂದನ್ನು ಯಾರಿಗೂ ಕೊಡಲಾರೆ. ಹೊಟ್ಟೆಕಿಚ್ಚಿನವಳೆಂದೇ ಕರೆಯಿರಿ, ಪರವಾಗಿಲ್ಲ.

ಪೆನ್ನು ಇಡುತ್ತಿದ್ದೇನೆ. ಸೂಪ್ ಆರುತ್ತಿದೆ, ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಾಳೆ.