ಕರೆಂಟು ಕಾರಿನ ಹೀರಾಬಾಯಿ

ಹೀರಾಬಾಯಿ ತಾಂಡೇಲ ತಲೆಯ ಮೇಲೆ ಬುಟ್ಟಿ ಇಲ್ಲದಾಗಲೂ ಇದ್ದಂತೆಯೇ ನಡೆಯುತ್ತಿದ್ದಳು. ಕತ್ತು ನೆಟ್ಟಗೆ, ದೃಷ್ಟಿ ಹತ್ತು ಮಾರು ಮುಂದಕ್ಕೆ, ಎಡಗೈ ಸೊಂಟದ ಮೇಲೆ. ಬಲಗೈ ಮಾತ್ರ ಎದುರಿಗೆ ಬಂದವರನ್ನೆಲ್ಲ ಪಕ್ಕಕ್ಕೆ ಸರಿಸುವ ಅಧಿಕಾರಿಯಂತೆ ಹಿಂದಕ್ಕೂ ಮುಂದಕ್ಕೂ ಬೀಸುತ್ತಿರುತ್ತಿತ್ತು. ಯಾರಾದರೂ ಬೆನ್ನ ಹಿಂದಿನಿಂದ ಕರೆದರೆ ಅವಳ ಕತ್ತು ತಿರುಗುತ್ತಿರಲಿಲ್ಲ. ಪಾದದಿಂದ ನೆತ್ತಿಯವರೆಗೆ ಇಡೀ ಹೀರಾಬಾಯಿಯೇ, ಲಂಗರು ಹಾಕಿದ ದೋಣಿಯ ಹಾಗೆ, ನಿಧಾನವಾಗಿ ತಿರುಗಿ ನಿಲ್ಲುತ್ತಿದ್ದಳು. ಕಾರವಾರದ ಬೈತಖೋಲ ಬಂದರಿಗೆ ಸೊಸೆಯಾಗಿ ಬಂದ ಹದಿನೇಳನೆಯ ವಯಸ್ಸಿನಿಂದ ಐವತ್ತು ದಾಟುವವರೆಗೆ ದಿನವೂ ಮೀನಿನ ಭಾರವನ್ನು ಹೊತ್ತ ಕತ್ತಿಗೆ ಹಿಂದೆ ನೋಡುವ ವಿದ್ಯೆಯೇ ಮರೆತುಹೋಗಿತ್ತು.

ಸೀರೆಯ ಮೇಲೆ ಗಂಡನ ತುಂಬುತೋಳಿನ ಖಾಕಿ ಅಂಗಿ, ಬಿಸಿಲಿಗೂ ಅದೇ, ಮಳೆಗೂ ಅದೇ. ಗಂಡ ದತ್ತಾ ಟ್ರಾಲರಿನ ಮುಖಂಡ. ಕಡಲಿನ ಮೇಲೆ ಏಳೆಂಟು ಜನರಿಗೆ ಅಪ್ಪಣೆ ಕೊಡುವ ಆ ಧೀರ, ದಡಕ್ಕೆ ಬಂದೊಡನೆ ಹೆಂಡತಿಯ ಅಪ್ಪಣೆಗೆ ಕಾಯುತ್ತ ಕೂತಿರುತ್ತಿದ್ದ. ಹೀರಾಬಾಯಿಯ ಬಾಯಲ್ಲಿ ಸದಾ ಒಂದು ಮಾತು: "ಮುಗೀತು ಮಾತು!" ಹಾಗೆಂದ ಮೇಲೆ ಮಾತು ಮುಗಿಯುತ್ತಿದ್ದುದು ಎದುರಿನವರದು ಮಾತ್ರ. ಅವಳದು ಅಲ್ಲಿಂದಲೇ ಶುರುವಾಗುತ್ತಿತ್ತು. ಬಂದರಿನ ಚಹಾದಂಗಡಿಯಲ್ಲಿ ಕೂತು ಅವಳ ವ್ಯಾಪಾರವನ್ನು ನೋಡುವುದು ನಮ್ಮಂಥ ಕೆಲಸವಿಲ್ಲದವರಿಗೆ ಬೆಳಗಿನ ಪುರಾಣಶ್ರವಣವಿದ್ದಂತೆ.

ಹೀರಾಬಾಯಿಯ ಪ್ರಾಣವಿದ್ದುದು ಬೈತಖೋಲದಲ್ಲಲ್ಲ, ಅಂಕೋಲೆಯ ಮೀನು ಮಾರ್ಕೆಟ್ಟಿನ ಒಂದು ಕಲ್ಲಿನಲ್ಲಿ. ಬಾಗಿಲಿಗೆ ಎದುರಾಗಿ, ನಲ್ಲಿಯ ಪಕ್ಕದಲ್ಲಿ, ಮಾಡು ಸೋರದ ಜಾಗದಲ್ಲಿರುವ ಆ ಕರಿಕಲ್ಲಿನ ಮೇಲೆ ಅವಳ ಅತ್ತೆ ಕೂತಿದ್ದಳು, ಅತ್ತೆಯ ಅತ್ತೆಯೂ ಕೂತಿದ್ದಳು. ಕಾಗದಪತ್ರ ಇಲ್ಲದ ಆ ಒಡೆತನಕ್ಕೆ ಮೀನು ಮಾರುವ ಹೆಂಗಸರ ಕಟ್ಟಳೆಯೊಂದೇ ಆಧಾರ. ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಹೊಸ ಹಂಗಾಮಿನ ಮೊದಲ ಮಾರ್ಕೆಟ್ಟು ಕೂಡುತ್ತದೆ. ಆ ದಿನ, ಅಲ್ಲಿ ಯಾರದೇ ಆಗಲಿ ಮೊದಲ ಬೋಣಿ ಆಗುವುದರೊಳಗೆ, ಅದೇ ಬೆಳಗಿನ ಮೀನು ತುಂಬಿದ ಬುಟ್ಟಿಯನ್ನು ತನ್ನ ಕಲ್ಲಿನ ಮೇಲೆ ಇಳಿಸಿದವಳಿಗೇ ಕಲ್ಲು ವರ್ಷವಿಡೀ ಸೇರಿದ್ದು. ಬೋಣಿಯಾದರೂ ಬುಟ್ಟಿ ಬರಲಿಲ್ಲವೆಂದರೆ ಕಲ್ಲು ಅನಾಥ. ಮೊದಲು ಕೈಹಾಕಿದವಳೇ ಒಡತಿ.

ಎಷ್ಟೋ ವರ್ಷ ಬೆಳಗಿನ ಮೊದಲ ಬಸ್ಸು ಅವಳ ಬುಟ್ಟಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಿತ್ತು. ಎರಡು ಸಾವಿರದ ಐದರ ಹೊತ್ತಿಗೆ ಕಾಲ ಬದಲಾಯಿತು. ಇಸ್ತ್ರಿ ಅಂಗಿಯ ಪ್ರಯಾಣಿಕರು ಮೂಗು ಮುಚ್ಚಿಕೊಂಡರು, ಕಂಡಕ್ಟರು ಬಾಗಿಲು ಮುಚ್ಚಿಕೊಂಡ. ರಿಕ್ಷಾದವರು ಸೀಟು ನಾರುತ್ತದೆ ಎಂದರು. ಉಳಿದದ್ದು ಕಿಶನನ ಟೆಂಪೋ. ತುಂಬುವವರೆಗೆ ಹೊರಡಬಾರದು ಎಂಬುದು ಟೆಂಪೋದ ಧರ್ಮವಾದ್ದರಿಂದ ಹೀರಾಬಾಯಿ ಅಂಕೋಲೆ ಮುಟ್ಟುವಾಗ ಅರ್ಧ ಊರಿನ ಒಲೆಯ ಮೇಲೆ ಬೇರೆಯವರ ಬಂಗಡೆ ಕುದಿಯುತ್ತಿರುತ್ತಿತ್ತು, ಅವಳ ಕಲ್ಲಿನ ಮೇಲೆ ಅಂಕೋಲೆಗೆ ಹತ್ತಿರದ ಬೆಲೇಕೇರಿಯ ಕಾಶಿ ಕೂತಿರುತ್ತಿದ್ದಳು. ಇವಳನ್ನು ಕಂಡು ಕಾಶಿ ಎದ್ದು ಜಾಗ ಬಿಡುತ್ತಿದ್ದಳು, ಆದರೆ ಮಾತು ಬಿಡುತ್ತಿರಲಿಲ್ಲ.

"ದೂರದೋರು ಮನೇಲೇ ಕೂತ್ಕಂಡ್ರೂ ಅಡ್ಡಿಲ್ಲ ಬಾಯೇ. ಕಲ್ಲೇನೂ ಖಾಲಿ ಬೀಳುದಿಲ್ಲ. ಬರೂ ಹುಣ್ಣಿಮೆಗೆ ನೋಡ್ವಾ."

ಆ ದಿನ ಹೀರಾಬಾಯಿ ಮನೆಗೆ ಬಂದು ಉಣ್ಣಲಿಲ್ಲ. ಮೂವತ್ತು ವರ್ಷ ಸೋಲರಿಯದ ಹೆಂಗಸು ಅಡಿಗೆಮನೆಯ ಮೂಲೆಯಲ್ಲಿ ಕೂತು ಅತ್ತಳು ಎಂದು ದತ್ತಾನೇ ನಮ್ಮೆದುರು ಹೇಳಿ ಕಣ್ಣೊರೆಸಿಕೊಂಡ.

ಕಾರವಾರದ ಪಕ್ಕದ ಶಿರವಾಡದಲ್ಲಿ ಹರಿಶ್ಚಂದ್ರ ಸಾಹೇಬರೆಂಬ ನಿವೃತ್ತ ಇಂಜಿನಿಯರು ಇದ್ದರು. ಪ್ರತಿ ರವಿವಾರ ಹೀರಾಬಾಯಿ ಅವರ ಮನೆಗೆ ಮೀನು ಕೊಡುತ್ತಿದ್ದಳು. ಬೆಂಗಳೂರಿನಿಂದ ಲಾರಿಯ ಮೇಲೇರಿಸಿ ತರಿಸಿದ ನೀಲಿ ಬಣ್ಣದ, ಎರಡೇ ಬಾಗಿಲಿನ, ಡಬ್ಬಿಯಂಥ ಕರೆಂಟು ಕಾರೊಂದು ಅವರ ಶೆಡ್ಡಿನಲ್ಲಿತ್ತು. ಕಣ್ಣು ಮಂಜಾದ ಮೇಲೆ ಸಾಹೇಬರು ಓಡಿಸುವುದನ್ನು ಬಿಟ್ಟಿದ್ದರು. ಆದರೂ ವಾರಕ್ಕೊಮ್ಮೆ ಅದಕ್ಕೆ ಕರೆಂಟು ಉಣಿಸಿ, ಮೈ ಒರೆಸಿ, ಮತ್ತೆ ಹೊದಿಕೆ ಹೊದೆಸುತ್ತಿದ್ದರು. ಕಾರವಾರದ ಜನ ಅದನ್ನು ಆಟಿಕೆಯೆಂದು ಕರೆದು ನಗುತ್ತಿದ್ದರು. ಒಂದು ರವಿವಾರ ಹೀರಾಬಾಯಿ ಮೀನಿನ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಶೆಡ್ಡಿನ ಕಡೆಗೆ ಇಡೀ ದೇಹವನ್ನೇ ತಿರುಗಿಸಿ ನಿಂತಳು.

"ಸಾಹೇಬ್ರೆ, ಇದು ಅಂಕೋಲೆ ತನಕ ಹೋಗ್ತದಾ?"

"ಹೋಗ್ತದೆ. ಆದ್ರೆ ಬಿಣಗಾದ ಘಟ್ಟ ಹತ್ತಬೇಕಲ್ಲ, ವಾಪಸ್ ಬರುಕೆ ಅಲ್ಲಿ ಮತ್ತೆ ಚಾರ್ಜ್ ಮಾಡ್ಬೇಕು. ಯಾಕೆ?"

"ನಂಗೆ ಕೊಡಿ. ಮಾರುದು ಬೇಡ, ಹಂಗಾಮಿಗೆ ಕೊಡಿ. ನಮ್ಮಲ್ಲಿ ಹಿಡಿದ ಮೀನಿನಾಗೆ ದೋಣಿಗೂ ಒಂದು ಪಾಲು ಇರ್ತದೆ. ನಿಮ್ಮ ಕಾರಿಗೂ ಕೊಡ್ತೆ. ದಿನಾ ಬುಟ್ಟಿಯ ಮೇಲಿನ ಮೀನು ನಿಮ್ಮನೆಗೆ. ಮುಗೀತು ಮಾತು."

ಸಾಹೇಬರು ತಬ್ಬಿಬ್ಬಾದರು. ಹೆತ್ತ ಮಗುವಿನಂತೆ ಸಾಕಿದ ಕಾರಿನಲ್ಲಿ ಇಸವಾಣ, ಬಂಗಡೆ, ಸಿಗಡಿ! ತೀರ್ಪು ಕೊಟ್ಟವರು ಅವರ ಪತ್ನಿ ವಿನುತಾಬಾಯಿ. "ಶೆಡ್ಡಿನಲ್ಲಿ ಕೊಳೆಯುಕಿಂತ ರಸ್ತೆ ಮೇಲೆ ನಾರ್ಲಿ ಬಿಡಿ," ಎಂದು ಅವರು ಬೀಗದ ಕೈ ತಂದು ಹೀರಾಬಾಯಿಯ ಕೈಯಲ್ಲಿಟ್ಟರು.

ಗೇರು ಇಲ್ಲದ ಆ ಕಾರು ಅವಳಿಗೆ ಬೇಗನೆ ಒಲಿಯಿತು. ಒಲಿಯದೇ ಉಳಿದದ್ದು ಅವಳ ಕತ್ತು. ಲೈಸೆನ್ಸಿನ ಪರೀಕ್ಷೆಯ ದಿನ ಅಧಿಕಾರಿ ಕಾರನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೇಳಿದ. ಹೀರಾಬಾಯಿ ಬಾಗಿಲು ತೆರೆದು ಕೆಳಗಿಳಿದು, ಗಂಭೀರವಾಗಿ ಕಾರಿನ ಹಿಂದಕ್ಕೆ ನಡೆದುಹೋಗಿ, ದಾರಿಯನ್ನು ಉದ್ದಗಲಕ್ಕೂ ನೋಡಿ, ಮರಳಿ ಬಂದು ಕೂತು, ಮುಂದೆಯೇ ನೋಡುತ್ತ ನೂಲು ಹಿಡಿದಂತೆ ನೇರವಾಗಿ ಹಿಂದೆ ಬಂದಳು. ಅಧಿಕಾರಿ ನಕ್ಕು, ಇನ್ನು ಮೇಲೆ ಕನ್ನಡಿಯನ್ನಾದರೂ ನೋಡಿ ಬಾಯಿ ಎಂದು ಬೇಡಿಕೊಂಡು ಪಾಸು ಮಾಡಿದ.

ಆಮೇಲೆ ನಡೆದ ಅನಾಹುತ ಬೈತಖೋಲದಲ್ಲಲ್ಲದೆ ಬೇರೆಲ್ಲೂ ನಡೆಯುವಂಥದಲ್ಲ. ಮೊದಲ ಮಾರ್ಕೆಟ್ಟಿನ ಹಿಂದಿನ ಸಂಜೆ, ದತ್ತಾ ಮತ್ತು ಅವನ ತಮ್ಮಂದಿರು ಹೊಸ ದೋಣಿಯನ್ನು ನೀರಿಗಿಳಿಸುವ ಶಾಸ್ತ್ರವನ್ನೆಲ್ಲ ಕಾರಿಗೆ ಮಾಡಿದರು. ಅರಿಶಿನ ಕುಂಕುಮವಾಯಿತು, ಅಬ್ಬಲಿಗೆಯ ಮಾಲೆಯಾಯಿತು, ಕಾಯಿ ಒಡೆದಾಯಿತು. ಕೊನೆಗೆ, ಕಡಲಿನ ನೀರು ಮುಟ್ಟದೆ ಯಾವ ವಾಹನಕ್ಕೂ ಕಡಲು ರಕ್ಷೆ ಕೊಡುವುದಿಲ್ಲವೆಂದು, ದತ್ತಾ ತಾಮ್ರದ ಕೊಡದ ತುಂಬ ಉಪ್ಪುನೀರು ತಂದು ಭಕ್ತಿಯಿಂದ ಸುರಿದ. ಕರೆಂಟಿನ ವಯರು ಸಿಕ್ಕಿಸುವ ಪುಟ್ಟ ಬಾಗಿಲು ತೆರೆದೇ ಇತ್ತು. ರಾತ್ರಿಯಿಡೀ ಕರೆಂಟು ಉಣಿಸಲೆಂದು ಐಸ್ ಫ್ಯಾಕ್ಟರಿಯ ಗೋಡೆಗೆ ಪ್ಲಗ್ಗು ಹಾಕಿದ್ದೇ ತಡ, ಠಪ್ಪೆಂದು ಫ್ಯೂಸು ಹಾರಿ ಬಂದರಿನ ಆ ತುದಿಯೆಲ್ಲ ಕತ್ತಲಾಯಿತು.

ಸುದ್ದಿ ಕೇಳಿ ಸಾಹೇಬರು ರಿಕ್ಷಾ ಹಿಡಿದು ಓಡಿಬಂದರು. "ದತ್ತಾ, ಇದು ದೋಣಿ ಅಲ್ಲ ಮಾರಾಯಾ! ಇದಕ್ಕೆ ಸಮುದ್ರ ಅಂದ್ರೆ ವಿಷ!" ಎಂದು ಕೂಗಾಡಿ, ಸಿಹಿನೀರಿನಿಂದ ಎಲ್ಲವನ್ನೂ ತೊಳೆದು, ಹೊಸ ಫ್ಯೂಸು ಹಾಕಿಸಿ, ವಿನುತಾಬಾಯಿಯ ಕೂದಲು ಒಣಗಿಸುವ ಯಂತ್ರವನ್ನು ತರಿಸಿ ಒಣಗಿಸಿದರು. ಜೀವವೇನೋ ಬಂತು, ಆದರೆ ಹೊತ್ತು ಹೋಗಿತ್ತು. ಬೆಳಗಿನ ಹರಾಜು ಮುಗಿದು ಬುಟ್ಟಿಗಳು ಕಾರಿನೊಳಗೆ ಬರುವಾಗ ಚಾರ್ಜು ತೋರಿಸುವ ಮುಳ್ಳು ಅರ್ಧಕ್ಕೆ ನಿಂತಿತ್ತು. ಅರ್ಧದಲ್ಲಿ ಅಂಕೋಲೆ ಮುಟ್ಟುವುದೇ ಅನುಮಾನ ಎಂದರು ಸಾಹೇಬರು. ದತ್ತಾ ತಪ್ಪಿತಸ್ಥನಂತೆ ತಲೆ ತಗ್ಗಿಸಿ ನಿಂತಿದ್ದ. ಹೀರಾಬಾಯಿ ಅವನನ್ನು ಬೈಯಲಿಲ್ಲ. ಬೈದರೆ ಹೊತ್ತು ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಪಕ್ಕದಲ್ಲಿ ನಾದಿನಿ ತಿಮ್ಮು, ಹಿಂದೆ ಟಾರ್ಪಾಲಿನ ಮೇಲೆ ಎರಡು ಬುಟ್ಟಿ, ಬುಟ್ಟಿಯ ಸುತ್ತ ಐಸು. ಬಿಣಗಾದ ಏರಿಗೆ ಬರುತ್ತಲೇ ಕಾರು ಬಸುರಿಯಂತೆ ನಿಧಾನವಾಯಿತು. ಹೀರಾಬಾಯಿಯ ಕಣ್ಣು ಮಾತ್ರ ಹತ್ತು ಮಾರು ಮುಂದಕ್ಕೇ ಇತ್ತು. ಹಿಂದಿನಿಂದ ಹಾರ್ನು ಬಾರಿಸುತ್ತ ಬಂದ ಕಿಶನನ ಟೆಂಪೋ ಪಕ್ಕಕ್ಕೆ ಬಂದು, "ಆಯೀ, ಹಗ್ಗ ಕಟ್ಟಿ ಎಳೀಲಾ?" ಎಂದು ಕೇಳಿ, ಹೊಗೆ ಬಿಟ್ಟು, ಮುಂದೆ ಹೋಯಿತು. ಒಳಗಿದ್ದವರೆಲ್ಲ ನಕ್ಕದ್ದು ಅವಳಿಗೆ ಕೇಳಿಸಿತು.

"ತಿಮ್ಮೂ, ಇಳಿ."

"ಇಳಿದು ಎಂತಾ ಮಾಡೂದೇ?"

"ದೊಡ್ಡ ಬುಟ್ಟಿ ತಲೆಗೆ ತಕಾ. ಐಸು ಚೆಲ್ತೆ. ಹೊತ್ತಿಗೆ ಮುಟ್ಟಿದ್ರೆ ಐಸು ಯಾಕೆ ಬೇಕು, ಮುಟ್ಟದಿದ್ರೆ ಐಸಿಟ್ಟು ಎಂತಾ ಮಾಡೂದು? ಮುಗೀತು ಮಾತು!"

ಆ ಬೆಳಿಗ್ಗೆ ಬಿಣಗಾದ ಘಟ್ಟದಲ್ಲಿ ಹೋದವರು ಕಂಡ ದೃಶ್ಯವನ್ನು ಇಂದಿಗೂ ಹೇಳಿ ನಗುತ್ತಾರೆ. ಸದ್ದಿಲ್ಲದೆ ತೆವಳುತ್ತ ಏರುವ ನೀಲಿ ಕಾರು, ಅದರ ಪಕ್ಕದಲ್ಲೇ ಸರಿಸಮನಾಗಿ, ತಲೆಯ ಮೇಲೆ ಬುಟ್ಟಿ ಹೊತ್ತು, ಕೈ ಬೀಸುತ್ತ ನಡೆಯುವ ತಿಮ್ಮು. ಏರು ಮುಗಿದದ್ದೇ ಬುಟ್ಟಿ ಒಳಗೆ, ತಿಮ್ಮು ಒಳಗೆ. ಇಳಿಜಾರಿನಲ್ಲಿ ಪೆಡಲಿನಿಂದ ಕಾಲು ತೆಗೆದುಬಿಟ್ಟರೆ ಕಾರು ತಾನೇ ಒಂದಿಷ್ಟು ಶಕ್ತಿ ತುಂಬಿಕೊಳ್ಳುತ್ತದೆಂದು ಸಾಹೇಬರು ಹೇಳಿಕೊಟ್ಟಿದ್ದರು. ಉಬ್ಬರ ಇಳಿತ ನೋಡಿ ಬೆಳೆದವಳಿಗೆ ಅದನ್ನು ಎರಡನೆಯ ಸಲ ಹೇಳಬೇಕಿರಲಿಲ್ಲ. ಇಳಿಜಾರು ಬಂದಲ್ಲೆಲ್ಲ ಕಾಲು ತೆಗೆದಳು, ಏರು ಬಂದಲ್ಲೆಲ್ಲ ತಿಮ್ಮುವನ್ನು ಇಳಿಸಿದಳು. ಹಟ್ಟಿಕೇರಿ ದಾಟಿ ಅವರ್ಸಾಕ್ಕೆ ಬಂದರೆ ರಸ್ತೆಯ ಬದಿಗೆ ಟೆಂಪೋ ನಿಂತಿದೆ! ಇನ್ನೂ ಇಬ್ಬರು ಹತ್ತುವವರಿದ್ದರಂತೆ. ಕಿಶನ ರಸ್ತೆಗೆ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದ. ಕಾರು ಅವನ ಬೆನ್ನ ಹಿಂದೆಯೇ ಹಾದುಹೋಯಿತು. ಲೋಟದ ಚಹಾ ಕೂಡ ಅಲುಗಲಿಲ್ಲ.

ಅತ್ತ ಮಾರ್ಕೆಟ್ಟಿನಲ್ಲಿ ಕಾಶಿ, ಖಾಲಿ ಕರಿಕಲ್ಲಿನ ಪಕ್ಕದ ತನ್ನ ಜಾಗದಲ್ಲಿ, ಕಿವಿಯನ್ನು ರಸ್ತೆಗೆ ಕೊಟ್ಟು ಕೂತಿದ್ದಳು. ಟೆಂಪೋದ ಹಾರ್ನು ಕೇಳುವುದರೊಳಗೆ ಬೋಣಿ ಆಗಿಬಿಡಬೇಕು. ಅಷ್ಟರಲ್ಲಿ ಆ ದಿನದ ಮೊದಲ ಗಿರಾಕಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ರಂಜನಾಬಾಯಿ ಚೀಲ ಹಿಡಿದು ಬಂದರು. ಜನ್ಮದಲ್ಲಿ ಒಂದು ಬಂಗಡೆಯ ಬೆಲೆಯನ್ನೂ ಇಳಿಸದ ಕಾಶಿ, ಕೇಳುವ ಮೊದಲೇ ಇಳಿಸಿದಳು. ರಂಜನಾಬಾಯಿ ಅಂಕೋಲೆಯಲ್ಲಿ ಹುಟ್ಟಿದವರು. ಬೆಲೆ ಇಳಿದಷ್ಟೂ ಅವರ ಹುಬ್ಬು ಏರಿತು. ಕಾಶಿ ಇನ್ನಷ್ಟು ಇಳಿಸಿದಳು.

"ಇಷ್ಟು ಕಮ್ಮಿಗೆ ಕೊಡ್ತೆ ಅಂತೀಯಲ್ಲೇ, ಮೀನು ನಿನ್ನೇದಾ ಎಂತಾ?" ಎಂದು ರಂಜನಾಬಾಯಿ ಬಂಗಡೆಯ ಕಿವಿರು ಎತ್ತಿ ನೋಡತೊಡಗಿದರು. ಮೊದಲನೆಯ ಮೀನು ನೋಡಿದರು, ಎರಡನೆಯದು ನೋಡಿದರು, ಮೂರನೆಯದನ್ನು ಮೂಸಿಯೂ ನೋಡಿದರು. ಕಾಶಿ ಹಲ್ಲು ಕಚ್ಚಿಕೊಂಡು ದೇವರನ್ನು ನೆನೆದಳು.

ಧೊಪ್ಪೆಂದು ಕರಿಕಲ್ಲಿನ ಮೇಲೆ ಬುಟ್ಟಿ ಇಳಿಯಿತು.

ಮಾರ್ಕೆಟ್ಟಿನ ತಲೆಗಳೆಲ್ಲ ಆ ಕಡೆಗೆ ತಿರುಗಿದವು. ಬಾಗಿಲಲ್ಲಿ ಕಾರು, ಕಾರಿನಲ್ಲಿ ತಿಮ್ಮು, ಕಲ್ಲಿನ ಪಕ್ಕದಲ್ಲಿ ಖಾಕಿ ಅಂಗಿಯ ಹೀರಾಬಾಯಿ. "ಯಾವಾಗ ಬಂದ್ಯೇ? ಗಾಡಿ ಸದ್ದೇ ಇಲ್ಲಲ್ಲೇ!" ಎಂದಳು ಕಾಶಿ, ಬಾಯಿ ತೆರೆದಂತೆಯೇ.

"ಸದ್ದು ಮಾಡುಕೆ ನಾ ಇದ್ದೆ ಅಲ್ಲಾ? ಕಾರಿಗೆ ಯಾಕೆ ಬೇಕು?" ಎಂದ ಹೀರಾಬಾಯಿ ತಲೆಯೆತ್ತಿ ಒಂದು ಕೂಗು ಹಾಕಿದಳು. "ಬಂತೇ ಬಂಗಡೇ... ಬೈತಖೋಲದ ಬಂಗಡೇ!" ಮಾಡಿನ ಮೇಲಿನ ಕಾಗೆಗಳೆಲ್ಲ ಎದ್ದವು. ಹೆಂಗಸರು ಕೈತಟ್ಟಿ ನಕ್ಕರು. ರಂಜನಾಬಾಯಿ ಚೀಲದೊಂದಿಗೆ ಈ ಕಡೆಗೇ ಬಂದುಬಿಟ್ಟರು, ಆ ವರ್ಷದ ಮೊದಲ ಬೋಣಿ ಆ ಕಲ್ಲಿನ ಮೇಲೆಯೇ ಆಯಿತು. ಹೀರಾಬಾಯಿ ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಂಡಳು. ಅತ್ತೆ ಕೂತು ಕೂತು ನುಣುಪಾದ ಕಲ್ಲಿನ ಅಂಚನ್ನು ಸವರುತ್ತ ಕೂತಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕಾಶಿ ನಲ್ಲಿಯಿಂದ ಒಂದು ಚೆಂಬು ನೀರು ಹಿಡಿದು ತಂದು, "ಮುಖ ತೊಳ್ಕಾ. ಗಿರಾಕಿ ನೋಡ್ತ್ರು," ಎಂದು ಅವಳ ಮುಂದಿಟ್ಟಳು.

ಆಮೇಲೆ ಅದೇ ದಿನಚರಿಯಾಯಿತು. ಅವಳು ಮೀನು ಮಾರುವಷ್ಟು ಹೊತ್ತು ಕಾರು ಮಾರ್ಕೆಟ್ಟಿನ ಹಿಂದಿನ ಹೊನ್ನನ ಹಿಟ್ಟಿನ ಗಿರಣಿಯಲ್ಲಿ ಕರೆಂಟು ಕುಡಿಯುತ್ತಿತ್ತು, ಹೊನ್ನನಿಗೂ ಅದರಲ್ಲಿ ಮೀನಿನ ಪಾಲು. ಪೂರ್ತಿ ಹೊಟ್ಟೆ ತುಂಬಿದ ಮೇಲೆ ಘಟ್ಟಗಳೂ ಅದಕ್ಕೆ ತಲೆಬಾಗಿದವು, ತಿಮ್ಮುವಿಗೆ ಇಳಿಯುವ ಕೆಲಸ ತಪ್ಪಿತು. ಶಿರವಾಡದ ಸಾಹೇಬರ ಕಾರಿಗೆ ಮೀನಿನ ವಾಸನೆ ಹತ್ತಿತು, ಸಾಹೇಬರಿಗೆ ಹೊಟ್ಟೆ ಬಂತು. ಎಷ್ಟೋ ಸಲ ಹಿಂತಿರುಗುವ ಕಾರಿನಲ್ಲಿ ಅವರ್ಸಾದ ಆಸ್ಪತ್ರೆಗೆ ಹೋಗುವ ಮುದುಕಿಯರು, ಒಮ್ಮೆ ಕಾಶಿಯೂ, ಕೂತು ಬಂದದ್ದುಂಟು. ನಕ್ಕವರೇ ಈಗ ಅಂಥದೊಂದು ಕಾರು ಎಲ್ಲಿ ಸಿಗುತ್ತದೆಂದು ಕೇಳತೊಡಗಿದರು.

ಹೊಸ ಕಾಲ ಬಂದಾಗ ಹೆದರಿ ಬಾಗಿಲು ಹಾಕಿಕೊಳ್ಳುವವರನ್ನೂ, ಅದರ ಬೆನ್ನು ಹತ್ತಿ ಓಡಿ ತಮ್ಮ ಮನೆಯ ದಾರಿಯನ್ನೇ ಮರೆಯುವವರನ್ನೂ ನಾವು ಬೇಕಾದಷ್ಟು ಕಂಡಿದ್ದೇವೆ. ಹೀರಾಬಾಯಿಯಂಥವರು ಬೇರೆ. ಲೋಕ ವಿಸ್ಮಯದಿಂದ ಸುತ್ತುವರಿದು ನೋಡುವ ಯಂತ್ರವನ್ನು ಅವರು ಕೇಳುವುದು ಒಂದೇ ಪ್ರಶ್ನೆ: ನನ್ನ ಜಾಗಕ್ಕೆ ನನ್ನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತೀಯಾ? ಮುಟ್ಟಿಸುವುದಾದರೆ ಅದು ಅವರ ಮನೆಯದೇ ಆಗಿಬಿಡುತ್ತದೆ. ಗೆಲ್ಲುವವರು ಲೋಕದಲ್ಲಿ ಬಹಳ ಜನ. ಗೆದ್ದ ಮೇಲೂ ಎದ್ದು ಹೋಗದೆ, ಅದೇ ಕಲ್ಲಿನ ಮೇಲೆ ಕೂತು, ಅದೇ ಬಂಗಡೆಯನ್ನು, ಒಂದು ಪೈಸೆಯನ್ನೂ ಇಳಿಸದೆ ಮಾರುವವರು ಅಪರೂಪ.