ಖಾನಾಪುರದವರ ಕಡೆಯ ರೀಲು

ಮುಂದಿನ ಸಾಲಿನವಳ ಮುಡಿಯ ಅಬ್ಬಲಿಗೆ ದಂಡೆಯ ಮೇಲೆ ತೆರೆಯ ನಾಯಕಿಯ ಗದ್ದ ಬಂದು ಕೂತಿದೆ, ಅವಳು ಬಾಯಿ ತೆರೆದಾಗಲೆಲ್ಲ ಹೂವೇ ಮಾತಾಡಿದ ಹಾಗೆ, ನಾನು ತುಸು ಬಲಕ್ಕೆ ವಾಲಿದರೆ ಗದ್ದ ಹೂವು ಬಿಟ್ಟು ಮೇಲೇಳುತ್ತದೆ, ಎಡಕ್ಕೆ ವಾಲಿದರೆ ಅಜ್ಜಿಯ ಭುಜ, ಅಜ್ಜಿಯ ಸೀರೆಯಲ್ಲಿ ಸುಣ್ಣ ತಂಬಾಕಿನ ವಾಸನೆ, ಅದರ ಕೆಳಗೆ ರೈಲಿನ ಹೊಗೆಯ ವಾಸನೆ, ಖಾನಾಪುರದಲ್ಲಿ ಗಾಡಿ ಹತ್ತಿದಾಗಿನಿಂದ ಅಜ್ಜಿಯದು ಒಂದೇ ಮಾತು, ಬಣ್ಣದಾಗ ಹೆಂಗ ಕಾಣ್ತಾಳೋ ಏನೋ ಆಕಿ — ಆಕಿ ಅಂದರೆ ಈಗ ತೆರೆಯ ಮೇಲಿರುವವಳಲ್ಲ, ಹಳೆಯ ಪಿಕ್ಚರಿನವಳು, ನಲವತ್ತು ವರ್ಷದ ಹಿಂದೆ ಇದೇ ಬೆಳಗಾವಿಯಲ್ಲಿ, ಇದೇ ಕಥೆ, ಮರಾಠಿಯಲ್ಲಿ, ಕಪ್ಪು ಬಿಳುಪಿನಲ್ಲಿ. ಈಗ ಹಿಂದಿಯಲ್ಲಿ ಬಣ್ಣ ಹಚ್ಚಿ ಮತ್ತೆ ತೆಗೆದಿದ್ದಾರೆ. ಪೋಸ್ಟರ್ ಕಂಡ ದಿನ ದಿಲಶಾದ ಮಾವಶಿ ತನ್ನ ಬಳೆ ಅಂಗಡಿಯ ಒಂದೇ ಬಾಗಿಲು ಮುಚ್ಚಿ ನಮ್ಮ ಮನೆಗೆ ಓಡಿ ಬಂದಿದ್ದಳು, ಸತ್ಯವ್ವಜ್ಜಿ, ನಿಮ್ಮ ಪಿಕ್ಚರ್ ತಿರುಗಿ ಬಂದೈತ್ರಿ. ನಿಮ್ಮ ಪಿಕ್ಚರ್ ಅಂದಳು, ಸರಿಯೇ, ಅದು ಪಿಕ್ಚರ್ ಎಂದು ಗೊತ್ತಾಗುವ ಮೊದಲು ನನಗೆ ಅದು ಅಜ್ಜಿಯ ಕಥೆಯಾಗಿತ್ತು, ಹಾವಿನ ಮಗನನ್ನು ಹೆತ್ತ ರಾಣಿಯ ಪಕ್ಕದಲ್ಲಿ, ಹೂವಾಗಿ ಗಿಡ ಹತ್ತಿ ಕೂತ ತಂಗಿಯ ಪಕ್ಕದಲ್ಲಿ ಇವಳೂ ಇದ್ದಳು, ಗಂಡ ಹೇಳದೆ ಕೇಳದೆ ಹೋದ ಮೇಲೆ ಒಬ್ಬಳೇ ಮನೆ ನಡೆಸಿದವಳು, ಮಳೆಯಲ್ಲಿ ಅವನು ತಿರುಗಿ ಬಂದು ಬಾಗಿಲು ಬಡಿದಾಗ ತೆಗೆಯದವಳು. ನನ್ನ ತಲೆಯ ಹೇನು ನೋಡುತ್ತ ಅಜ್ಜಿ ಆ ಕಥೆ ಹೇಳುತ್ತಿದ್ದಾಗ, ನನ್ನ ನಿದ್ದೆಯಲ್ಲಿ ಆ ಬಾಗಿಲಿಗೆ ಹಸಿರು ಬಣ್ಣವಿತ್ತು. ಇಲ್ಲಿ ಕೆಂಪು ಬಳಿದಿದ್ದಾರೆ.

ಹಿಂದಿನ ಸಾಲಿನಲ್ಲಿ ನಮ್ಮೂರ ಗುರುಪುತ್ರಪ್ಪ ಕಾಕಾನ ಉಸಿರು, ಹಂಚಿನ ಕಾರ್ಖಾನೆಯ ಧೂಳು ಕುಡಿದ ಉಸಿರು, ಮಾತಿಗೆ ಮುಂಚೆ ಒಂದು ಸಣ್ಣ ಸೀಟಿ ಹೊಡೆಯುತ್ತದೆ, ಹಳೇದ್ರಾಗ ಹೀರೋ ಬರೂಕಿಂತ ಮೊದಲ ಗ್ವಾಡಿ ಮ್ಯಾಲೆ ಅವನ ನೆಳ್ಳ ಬರ್ತಿತ್ತು, ಇವ ನೋಡ್, ಸೀದಾ ಮೋಟಾರ್‌ಸೈಕಲ್ ತಗೊಂಡ ಬಂದಬಿಟ್ಟ — ಕಾಕಾ, ಈಗ ನೆಳ್ಳ ನೋಡಾಕ ಯಾರ್ ಬರ್ತಾರ, ಎನ್ನುತ್ತಾಳೆ ದಿಲಶಾದ ಮಾವಶಿ, ಕಡಲೆಯ ಸಿಪ್ಪೆ ಸೆರಗಿನಿಂದ ಕೊಡವುತ್ತ, ನನಗರ ಇವನ ಕೂದಲ ಸೇರ್ತು — ಕೂದಲಾ? ಆ ಹಳೇ ಗುಂಗುರ ಕೂದಲದವನ ಮುಂದ ಇವಂದು ತೆಂಗಿನಕಾಯಿ ನಾರು — ಅವರು ನಟರ ಹೆಸರು ಹೇಳುವುದೇ ಇಲ್ಲ, ಮೊದಲಿನಿಂದಲೂ ಹಾಗೆ, ಗುಂಗುರು ಕೂದಲದವ, ಮೂಗುಬೊಟ್ಟಿನಾಕಿ, ಯಾವಾಗಲೂ ಸಾಯುವ ಡಾಕ್ಟರ್, ಹೆಸರು ಹೇಳಿದರೆ ಬೇರೆ ಊರಿನವರಾಗಿಬಿಡುತ್ತಾರೇನೋ ಎಂಬಂತೆ. ಅಜ್ಜಿ ತೆರೆಯಿಂದ ಕಣ್ಣು ತೆಗೆಯದೆ, ಈಕಿಗೆ ಕಣ್ಣೀರ ಬರ್ತಾವ, ಅಳೂ ಬರಂಗಿಲ್ಲ, ಮೂಗುಬೊಟ್ಟಿನಾಕಿ ಅಳೂದ ಬ್ಯಾಡಾಗಿತ್ತು, ಬರೇ ಮೂಗುಬೊಟ್ಟ ನಡಗಿದ್ರ ಮುಗೀತು, ಇಡೀ ಟಾಕೀಸ್ ಮೂಗ ಒರಸ್ಕೊಂತಿತ್ತು. ಅಬ್ಬಲಿಗೆ ದಂಡೆ ತಿರುಗುತ್ತದೆ, ಸುಮ್ನ ಕುಂದರ್ರಿ ಸ್ವಲ್ಪ, ನೋಡಾಕ ಬಿಡ್ರಿ — ಗೊತ್ತಿದ್ದ ಕತಿ ಅದರೀ ಬಾಯಿ, ಬೇಕಾದ್ರ ಪೂರಾ ಹೇಳ್ತೀವಿ, ಕಡೀದೊಂದ ಬಿಟ್ಟು, ಎಂದ ಗುರುಪುತ್ರಪ್ಪ ಕಾಕಾ, ದಿಲಶಾದ ಮಾವಶಿ ಸೆರಗಿನೊಳಗೆ ನಕ್ಕಳು.

ಕಡೀದೊಂದ ಬಿಟ್ಟು, ಹೌದು, ಇವರು ಯಾವ ಪಿಕ್ಚರಿನ ಕಡೆಯನ್ನೂ ನೋಡಿದವರಲ್ಲ, ಮ್ಯಾಟಿನಿ ಮುಗಿಯುವ ಮೊದಲೇ ಊರ ಕಡೆಯ ಪ್ಯಾಸೆಂಜರ್ ಹೊರಡುತ್ತಿತ್ತು, ಅದು ತಪ್ಪಿದರೆ ಸ್ಟೇಷನ್ ಕಟ್ಟೆಯೇ ಗತಿ, ಅದಕ್ಕೇ ಕಡೆಯ ರೀಲು ಶುರುವಾದ ಕೂಡಲೆ ಸಾಲು ಸಾಲಾಗಿ ಎದ್ದು ಚಪ್ಪಲಿ ಹುಡುಕುತ್ತಿದ್ದರಂತೆ, ಟಾಕೀಸಿನ ಗೇಟ್‌ಕೀಪರ್ ಬುಡನಸಾಬ ಬಾಗಿಲ ಪರದೆ ಎತ್ತಿ ಹಿಡಿದು ನಗುತ್ತಿದ್ದನಂತೆ, ಖಾನಾಪುರದವ್ರು ಎದ್ರು, ಇನ್ನ ಒಂದ ರೀಲ್ ಉಳದೈತಿ. ಆಮೇಲೆ ಗಾಡಿಯಲ್ಲಿ, ದೇಸೂರು ಸ್ಟೇಷನ್ ದಾಟಿದ ಮೇಲೆ, ಒಬ್ಬೊಬ್ಬರೇ ಕಥೆಗೆ ಒಂದೊಂದು ಕೊನೆ ಹೇಳುವುದು, ಕೊಂದವರು ಕೆಲವರು, ಮದುವೆ ಮಾಡಿಸಿದವರು ಕೆಲವರು, ಇದಲಹೊಂಡ ಬರುವಷ್ಟರಲ್ಲಿ ಯಾವುದಕ್ಕೆ ಡಬ್ಬಿಯೆಲ್ಲ ಹೂಂ ಅಂದಿತೋ ಅದೇ ಖರೇ ಕಡೆ, ಮರುದಿನದಿಂದ ಊರಲ್ಲಿ ಅದೇ ನಡೆಯುವುದು. ಬೆಳಗಾವಿಯ ನೆಂಟರು ಬಂದು ಇಲ್ಲ, ಹಂಗಲ್ಲ, ಅವ ಸಾಯಂಗಿಲ್ಲ ಎಂದರೆ, ಅದು ಬೆಳಗಾವ್ಯಾವ್ರ ಕಡೀದರೀ, ನಮ್ಮದು ಬ್ಯಾರೆ. ಈಗ ಸಂಜೆಗೆ ಬೇಕಾದಷ್ಟು ಬಸ್ಸು, ಮೊನ್ನೆ ದಿಲಶಾದ ಮಾವಶಿ ವಿಡಿಯೊ ಅಂತ ಬಂದೈತಿ ಕಾಕಾ, ಮುಂದಿಂದು ಹಿಂದ ಮಾಡಿ ನೋಡಬಹುದು ಎಂದಾಗ ಕಾಕಾ ಹಂಗಾರ ಕಡೀದ ಮೊದಲ ನೋಡಿ ಎದ್ದ ಬರೂಣು ಎಂದಿದ್ದ, ಬಸ್ಸಿದ್ದರೂ ಇವರು ಏಳುತ್ತಾರೆ, ಗಾಡಿಗೇ ಹೋಗುತ್ತಾರೆ, ಕಡೆಯನ್ನು ತೆರೆಯ ಮೇಲೆ ನೋಡುವುದು ಇವರಿಗೆ ಉಂಡವರ ಎಲೆಯನ್ನು ಬಗ್ಗಿ ನೋಡಿದಂತೆ. ಆ ಹಳೆಯ ಪಿಕ್ಚರಿನ ದಿನ ತೆರೆಯ ಮೇಲೆ ಮಳೆ ಬಂದಿತು, ಗಂಡ ಬಂದ, ಬಾಗಿಲು ಬಡಿದ, ಇವರು ಎದ್ದರು. ಗಾಡಿಯಲ್ಲಿ ಗುರುಪುತ್ರಪ್ಪ ಕಾಕಾ, ಆಗಿನ್ನೂ ಮೀಸೆ ಕಪ್ಪಿದ್ದವನು, ಆಕಿ ಬಾಗಲಾ ತಗದು ಕಾಲಿಗೆ ಬೀಳ್ತಾಳ, ಮುಗೀತು ಎಂದನಂತೆ, ಆಗ ಕೂಸಾಗಿದ್ದ ನನ್ನ ಅಪ್ಪನನ್ನು ತೊಡೆಯ ಮೇಲೆ ಹಾಕಿಕೊಂಡು ಕಿಟಕಿಗೆ ಕೂತಿದ್ದ ಅಜ್ಜಿ, ತಗ್ಯಾಂಗಿಲ್ಲ, ಒಳಗಿಂದ ಹೇಳ್ತಾಳ, ನೀವು ಹುಡುಕಾಕತ್ತಿದ್ದಾಕಿ ಇಲ್ಲಿಲ್ಲರೀ, ಮುಂದಿನ ಮನಿ ಕೇಳ್ರಿ — ಎಂದಳಂತೆ, ಡಬ್ಬಿಯ ಹೆಂಗಸರ ಕಡೆಯಿಂದ ಮೊದಲು ನಗು, ಆಮೇಲೆ ಹೂಂ.

ಆ ಹೂಂ ಮೇಲೆ ಬೆಳೆದವಳು ನಾನು. ಆದರೆ ಇದೇ ಬೆಳಗಾವಿಯ ಶಹಾಪುರದಲ್ಲಿ ನನ್ನ ಗಂಡನ ಮನೆ, ಓಣಿಯ ಆ ತುದಿಯಿಂದ ಈ ತುದಿಗೆ ಮಗ್ಗದ ಸದ್ದು, ಅಲ್ಲಿ ಕಥೆ ಹೇಳಿದರೆ ಕೇಳಿಸುವುದೇ ಇಲ್ಲ. ನನ್ನ ಗಂಡ ಒಳ್ಳೆಯವರು, ಅದನ್ನು ಯಾರಿಗೆ ಹೇಳಲಿ, ಹೊಸ ಅಂಚು ನೇಯ್ದಾಗ ನನ್ನನ್ನೇ ಮೊದಲು ಕರೆಯುತ್ತಿದ್ದರು, ನೋಡ ಬಾ ನೀಲಾ, ಅವರ ಬೆರಳಲ್ಲಿ ಗಂಜಿಯ ವಾಸನೆ, ಒಂದು ದಿನ ನೂಲು ತರ್ತೀನಿ, ವಾರದಾಗ ಬರ್ತೀನಿ ಎಂದು ಇಚಲಕರಂಜಿಗೆ ಹೋದವರು ಎರಡು ವರ್ಷ ಸುದ್ದಿಯಿಲ್ಲ, ಅತ್ತೆ ತಾಟು ಇಡುವಾಗ ಸದ್ದು ಮಾಡತೊಡಗಿದರು, ಆಮೇಲೆ ಬಾಯಿಂದಲೇ, ನಿನ್ನ ಕಾಲಗುಣ. ಮುಸ್ಸಂಜೆಗಳಲ್ಲಿ ಬಾಗಿಲಲ್ಲಿ ಕೂತು ಓಣಿ ನೋಡುತ್ತಿದ್ದೆ, ಒಂದು ಮುಸ್ಸಂಜೆ ಎದ್ದು ಖಾನಾಪುರದ ಬಸ್ಸು ಹತ್ತಿದೆ. ಈಗ ಅವರು ಬಂದಿದ್ದಾರಂತೆ, ಪವರ್‌ಲೂಮ್ ಹಾಕಿಸಿದ್ದಾರಂತೆ, ಸೋಮವಾರ ಕರಕೊಂಡ ಹೋಗಾಕ ಬರ್ತಾರ ಎಂದು ಶಹಾಪುರದ ಓಣಿಯ ಸಿದ್ದಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದಾರೆ, ಬರಲೇನು ಎಂದು ಕೇಳಿ ಕಳಿಸಿಲ್ಲ, ಯಾಕೆ ಹೋದೆ ಎಂದೂ ಹೇಳಿ ಕಳಿಸಿಲ್ಲ, ಸೋಮವಾರ ಎಂದಷ್ಟೇ. ಅಪ್ಪ ಸೀರೆ ತಂದಿಟ್ಟ, ಅವ್ವ ರವೆ ಹುರಿಯಲು ಶುರು ಮಾಡಿದಳು, ಹೋಗ್ತೀ ಅಲ್ಲ ತಂಗಿ ಎಂದು ಒಲೆಯನ್ನೇ ನೋಡುತ್ತ ಕೇಳಿದಳು, ನಾನು ರವೆಯ ಬಣ್ಣ ನೋಡುತ್ತ ನಿಂತೆ. ಅಜ್ಜಿ ಮಾತ್ರ ಪಿಕ್ಚರ್‌ಗೆ ಹೋಗೂಣು ನಡಿ ಎಂದಳು. ನನಗೆ ಒಂದೇ ಗೊತ್ತಾಗಬೇಕು, ನಾನು ಇಷ್ಟು ದಿನ ಯಾವ ಹೆಂಗಸಿನ ಹಾಗೆ ಗಟ್ಟಿಯಾಗಿದ್ದೇನೆಂದು ತಿಳಿದುಕೊಂಡೆನೋ ಅಂಥವಳು ಎಲ್ಲಿಯಾದರೂ ಇದ್ದಳೋ, ಅಥವಾ ಅವಳು ದೇಸೂರು ಇದಲಹೊಂಡದ ನಡುವೆ, ಓಡುವ ಗಾಡಿಯಲ್ಲಿ ಮಾತ್ರ ಇದ್ದಳೋ.

ಮಳೆ ಬಂತು. ತೆರೆಯ ಮೇಲೆ ಮಳೆಯೂ ನೀಲಿ, ಇಷ್ಟು ನೀಲಿ ಮಳೆ ಖಾನಾಪುರದಲ್ಲಿ ಬಿದ್ದದ್ದಿಲ್ಲ, ಮೋಟಾರ್‌ಸೈಕಲ್ ನಿಂತಿತು, ಕೆಂಪು ಬಾಗಿಲು, ಬಡಿತ, ಒಳಗೆ ಅವಳು ದೀಪದ ಮುಂದೆ ತಲೆ ಎತ್ತಿದಳು — ಏಳ್ರಿ, ಗಾಡಿ ಹೊತ್ತಾತು, ಗುರುಪುತ್ರಪ್ಪ ಕಾಕಾ ಎದ್ದೇಬಿಟ್ಟ, ದಿಲಶಾದ ಮಾವಶಿಯ ಕಡಲೆ ಸಿಪ್ಪೆ ನನ್ನ ಹೆಗಲ ಮೇಲೆ ಉದುರಿತು, ಅಜ್ಜಿ ಕುರ್ಚಿಯ ಹಿಡಿ ಒತ್ತಿ ಎದ್ದಳು, ನಾನು ಏಳಲಿಲ್ಲ. ನೀಲಾ, ಏಳ, ಎಂದಳು ಅಜ್ಜಿ. ಮೊಣಕಾಲುಗಳು ಏಳುತ್ತೇವೆ ಅನ್ನುತ್ತಿವೆ, ಇಷ್ಟು ವರ್ಷದ ರೂಢಿ, ಕೈಯಿಂದ ಒತ್ತಿ ಹಿಡಿದುಕೊಂಡಿದ್ದೇನೆ, ನೀವ್ ನಡೀರಿ ಅಜ್ಜಿ, ನಾ ನೋಡಿ ಬಸ್ಸಿಗೆ ಬರ್ತೀನಿ. ಕಾಕಾನ ಉಸಿರು ಸೀಟಿ ಹೊಡೆಯಿತು, ಕಡೀದ ನೋಡ್ತಾಳಂತ, ಸತ್ಯವ್ವಕ್ಕ, ನಿನ್ನ ಮೊಮ್ಮಗಳು ಬೆಳಗಾವ್ಯಾಕಿ ಆದ್ಳು — ಆಕೀನ್ನ ಬಿಡ ಕಾಕಾ, ನಡಿ, ದಿಲಶಾದ ಮಾವಶಿ ಅವನ ತೋಳು ಹಿಡಿದು ಎಳೆದಳು, ಸೋಮವಾರದ ಸುದ್ದಿ ಅವಳಿಗೆ ಗೊತ್ತು, ಬಳೆ ಅಂಗಡಿಗೆ ಎಲ್ಲ ಸುದ್ದಿಯೂ ಮೊದಲು ಬರುತ್ತದೆ. ಅಜ್ಜಿ ಒಂದು ಕ್ಷಣ ನಿಂತಳು, ಅವಳ ನೆರಳು ತೆರೆಯ ಮೂಲೆಯಲ್ಲಿ ಬಿತ್ತು, ಹಿಂದಿನವರು ಗದರಿದರು, ಅಜ್ಜಿ ಅಂದಳು, ನೋಡ ಹಂಗಾರ, ನಾ ಹೊರಗ ಕಟ್ಟಿ ಮ್ಯಾಲೆ ಕುಂತಿರ್ತೀನಿ, ಸಾವಕಾಶ ಬಾ. ಪರದೆ ಎದ್ದು ಹಗಲು ಒಳಗೆ ಬಂದು ಹೋಯಿತು. ಈಗ ನಾನು ಮತ್ತು ಅಬ್ಬಲಿಗೆ ದಂಡೆ, ಮತ್ತು ಅವಳು, ಅವಳು ಎದ್ದು ಬರುತ್ತಿದ್ದಾಳೆ, ಎಷ್ಟು ನಿಧಾನ ಬರುತ್ತಾಳೆ, ಬಾಗಿಲ ಒಳಗಿನ ರಂಗೋಲಿ ತುಳಿಯದಂತೆ ಸೀರೆ ಎತ್ತಿ ದಾಟಿದಳು, ಹೇಳು, ಮುಂದಿನ ಮನಿ ಕೇಳ್ರಿ ಅನ್ನು, ನಾನು ತುಟಿಯಲ್ಲೇ ಹೇಳಿಕೊಟ್ಟೆ, ಅವಳು ಅಗಳಿ ತೆಗೆದಳು. ಏನೂ ಅನ್ನಲಿಲ್ಲ. ಅವನು ತೋಯ್ದ ಕೂದಲು ಹಿಂದೆ ತಳ್ಳಿ ನಕ್ಕ, ಅವಳು ಅವನ ಕಾಲಿಗೆ ಬಗ್ಗಿದಳು, ಮತ್ತು ಅವನು ಬೂಟು ಕಳೆಯದೆ ಒಳಗೆ ಬಂದ. ಒದ್ದೆ ಬೂಟು, ಕಪ್ಪು, ಮೂತಿ ಚೂಪು, ಹೊಸ್ತಿಲು ದಾಟಿ ರಂಗೋಲಿಯ ನಟ್ಟನಡುವೆ. ಜನ ಚಪ್ಪಾಳೆ ತಟ್ಟಿದರು, ಕುರ್ಚಿಗಳು ಪಟಪಟ ಮಡಚಿಕೊಂಡವು, ಹಾಡು ಇನ್ನೂ ಇತ್ತು, ಆದರೆ ಎಲ್ಲರೂ ಎದ್ದಿದ್ದರು, ಬೆಳಗಾವಿಯವರೂ ಎದ್ದಿದ್ದರು, ದೀಪ ಹತ್ತಿತು, ಬೂಟು ಇನ್ನೂ ತೆರೆಯ ಮೇಲೆ ಪೇಲವವಾಗಿ.

ಅಜ್ಜಿ ಕಟ್ಟೆಯ ಮೇಲೆ ಎಲೆ ಅಡಿಕೆಯ ಚಂಚಿ ಬಿಚ್ಚಿಕೊಂಡು ಕೂತಿದ್ದಾಳೆ, ಬಾಜು ಕುಂದರು ಎಂದು ಸೆರಗಿನಿಂದ ಜಾಗ ಒರೆಸಿದಳು, ಎಲೆಗೆ ಸುಣ್ಣ ಸವರುತ್ತ, ತಗದ್ಳು, ಎಂದಳು, ಕೇಳಲಿಲ್ಲ, ಹೇಳಿದಳು. ತಗದ್ಳು. ಗೊತ್ತಿತ್ತೇನ ನಿಮಗ, ಎಂದೆ ನಾನು. ಶಹನಾಯಿ ಸುರು ಆಗಿತ್ತಲ್ಲ ತಂಗಿ, ಆಗಿನ ಪಿಕ್ಚರ್‌ದಾಗೂ ನಾ ಏಳಬೇಕಾದ್ರ ಶಹನಾಯಿ ಸುರು ಆಗಿತ್ತು, ಶಹನಾಯಿ ಸುರು ಆತಂದ್ರ ಬಾಗಲಾ ತಗೀತಾರ, ನನಗ ನೋಡೂದ ಬ್ಯಾಡಾಗಿತ್ತು, ಗಾಡಿ ಬ್ಯಾರೆ ಇತ್ತು. ಎಲೆ ಮಡಿಚಿ ಬಾಯಿಗಿಟ್ಟಳು, ಮುಂದೆ ಏನೂ ಇಲ್ಲ ಎನ್ನುವಂತೆ. ಕುದುರೆ ಟಾಂಗಾವೊಂದು ಹೋಯಿತು, ಸಂಜೆಯ ಬಿಸಿಲು ಗೋಡೆಯ ಪೋಸ್ಟರಿನ ಮೇಲೆ, ನಾನು ಅಜ್ಜಿಯ ಮೇಲೆ ಸಿಟ್ಟಾಗಬೇಕಿತ್ತು, ಆಗಲಿಲ್ಲ, ಅಂಥವಳು ಎಲ್ಲೂ ಇರಲಿಲ್ಲ, ಒಬ್ಬಳೂ ಇರಲಿಲ್ಲ, ಗೊತ್ತಾಯಿತು, ಗೊತ್ತಾದ ಮೇಲೂ ಒಳಗೆ ಏನೂ ಕುಸಿಯಲಿಲ್ಲ, ಅದೇ ಆಶ್ಚರ್ಯ. ಅಜ್ಜಿ, ಅವ ಬೂಟು ಕಳೀಲಿಲ್ಲ. ಯಾರು? ಆ ಹೀರೋ, ಬೂಟು ಹಾಕ್ಕೊಂಡ ಒಳಗ ಬಂದ. ಪಿಕ್ಚರ್‌ದಾಗ ಎಲ್ಲಾರೂ ಹಂಗ ಬರ್ತಾರವಾ. ನನ್ನ ಗಂಡ ಹಾಗಲ್ಲ, ಚಪ್ಪಲಿ ಓಣಿಯಲ್ಲೇ ಬಿಡುತ್ತಾರೆ, ಕಾಲು ತೊಳೆದು ಹಿಮ್ಮಡಿಯನ್ನೂ ಉಜ್ಜಿಕೊಂಡು ಬರುತ್ತಾರೆ, ಸೋಮವಾರ ಹಾಗೇ ಬರುತ್ತಾರೆ, ಹೋಗೂಣ ನೀಲಾ ಎನ್ನುತ್ತಾರೆ, ಸಂತೆಯಿಂದ ಬಂದವರ ಹಾಗೆ — ಸೋಮವಾರ ನಾ ಹೋಗಂಗಿಲ್ಲ ಅಜ್ಜಿ. ಅಜ್ಜಿ ಎಲೆ ಅಗಿಯುವುದನ್ನು ನಿಲ್ಲಿಸಿದಳು, ನನ್ನ ಕತಿ ಸಲುವಾಗಿ ಅನಬ್ಯಾಡ ನೋಡ, ನಾ ಹೇಳೀನಂತ ಹೋಗೂದ ಬಿಡಬ್ಯಾಡ. ಅಲ್ಲ. ಮತ್ತ? ಅವರನ್ನ ಕುಂದರಸ್ತೀನಿ, ಚಾ ಕೊಡ್ತೀನಿ, ಎಲ್ಲಿ ಹೋಗಿದ್ರಿ ಅಂತ ಕೇಳ್ತೀನಿ, ಅಷ್ಟ. ನಾ ಅದನ್ನ ಕೇಳಸಲೇ ಇಲ್ಲ ಕತ್ಯಾಗಿನ ಆಕಿ ಕಡಿಂದ, ಎಂದಳು ಅಜ್ಜಿ, ಚಂಚಿಯ ದಾರ ಎಳೆದು ಕಟ್ಟಿದಳು, ಅವ್ವಗ ನಾ ಹೇಳ್ತೀನಿ, ರವಾ ಉಂಡಿ ನಾವ ತಿನ್ನೂಣು, ನಡಿ ಬಸ್ಸಿಗೆ.

ಬಸ್ಸು, ಕಿಟಕಿ, ಅಜ್ಜಿಯ ತಲೆ ನನ್ನ ಹೆಗಲ ಮೇಲೆ, ಊರು ಹಿಂದಕ್ಕೆ, ಹೊಲ, ಕಾಡಿನ ಅಂಚು, ಅವರು ಏನು ಹೇಳಬಹುದು, ನೂಲಿನ ಮಾತು ಹೇಳಬಹುದು, ಯಾರದೋ ಹೆಸರು ಹೇಳಬಹುದು, ಹೇಳದೆ ಎದ್ದು ಹೋಗಬಹುದು, ಆಗ ನಾನು ಅಳಬಹುದು, ಅದೂ ಆಗಬಹುದು, ಯೋಚಿಸಬೇಕು, ಅವರ ಮುಖ ನೆನಪು ಮಾಡಿಕೊಳ್ಳಬೇಕು, ಬರುತ್ತಿಲ್ಲ, ಬೆರಳು ಬರುತ್ತದೆ, ಗಂಜಿ ಬರುತ್ತದೆ, ಮುಖದ ಜಾಗದಲ್ಲಿ ಬೂಟು, ಹೊಸ್ತಿಲು ದಾಟಿದ ಬೂಟು, ಅದು ಎದ್ದಾಗ ಅಟ್ಟೆಗೆ ರಂಗೋಲಿ ಅಂಟಿಕೊಂಡಿತ್ತು, ನೋಡಿದೆನೇ, ನೋಡಿದೆ, ಇಟ್ಟಲ್ಲೆಲ್ಲ ಬಿಳಿ ಮುದ್ದೆ, ಒಳಗೆ, ಇನ್ನೂ ಒಳಗೆ, ದೀಪದ ತನಕ, ಅವಳು ಬಗ್ಗಿಯೇ ಇದ್ದಳು, ಒದ್ದೆ ಬೂಟು, ಬಿಳಿ ರಂಗೋಲಿ, ಬೂಟು —